ಕಾವಿಗೆ ಕೂತ ಕೋಳಿಗೆ ಒಂದು ಪದ ಬೇಕು (ನಾಳೆ ಸಂಜೆಯೊಳಗೆ)

ಪೆರ್ಲದಿಂದ:
ಎಲ್ಲರಿಗೂ ನಮಸ್ಕಾರ. ಊರ ಕೋಳಿ ಸಾಕುವ ಹೆಂಗಸರಿಗೆ ಹಂಚಲು ಒಂದು ಮಲಯಾಳ ಕರಪತ್ರವನ್ನು ಕನ್ನಡ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಅದರಲ್ಲಿ ಸಾಲಿಗೊಂದು ಸಲ 'ಪೊರುನ್ನ ಕೋಳಿ' ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಏನು? ಫೋನಿನಲ್ಲಿ ಇಂಗ್ಲಿಷಿನ 'ಬ್ರೂಡಿ ಹೆನ್' ಹಾಕಿ ನೋಡಿದರೆ 'ಚಿಂತಾಮಗ್ನ ಕೋಳಿ' ಅಂತ ಬಂತು. ಅದನ್ನು ಅಚ್ಚು ಹಾಕಿದರೆ ಊರಿನವರು ನನ್ನನ್ನೇ ಚಿಂತೆಗೆ ಹಾಕುತ್ತಾರೆ.

'ಕಾವು ಕೊಡುವ ಕೋಳಿ' ಗೊತ್ತು. ಆದರೆ ಅದಕ್ಕೆ ಅಡಿಯಲ್ಲಿ ಮೊಟ್ಟೆ ಇರಬೇಕಲ್ವಾ? ನಮ್ಮ ಕೆಂಪಿಗೆ ಮೊಟ್ಟೆಯೂ ಬೇಡ. ಇದ್ದದ್ದನ್ನು ತೆಗೆದೆ. ಹೆಡಿಗೆಗೆ ನಾಲ್ಕು ಹಣ್ಣಡಿಕೆ ಉರುಳಿ ಬಿದ್ದಿತ್ತು, ಅದನ್ನೇ ಕೊಕ್ಕಿನಿಂದ ಹೊಟ್ಟೆಯಡಿಗೆ ಎಳೆದುಕೊಂಡು ಕೂತು ಒಂಬತ್ತು ದಿನ ಆಯಿತು. ಕೈ ಚಾಚಿದರೆ ಪುಕ್ಕ ಎಬ್ಬಿಸಿ ಎರಡು ಪಾಲು ದೊಡ್ಡದಾಗುತ್ತಾಳೆ, ಗಂಟಲಲ್ಲೇ ಕುರ್ರ್ ಅನ್ನುತ್ತಾಳೆ. ದಿನಕ್ಕೊಮ್ಮೆ ಎದ್ದು, ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹಾಗೆ ನಾಲ್ಕು ಕಾಳು ನುಂಗಿ, ನೀರು ಕುಡಿದು, ಅಂಗಳದ ನಡುವೆ ಒಂದು ದೊಡ್ಡ ನಾರುವ ಹಿಕ್ಕೆ ಹಾಕಿ ಓಡಿ ಬಂದು ಮತ್ತೆ ಅಡಿಕೆಯ ಮೇಲೆ. ಈ ಸ್ಥಿತಿಗೆ ಪದ ಬೇಕು. ಗೂಡಿಗೆ ಒಂದು ಬೋರ್ಡೂ ಬೇಕು, ಪಕ್ಕದ ಮನೆಯ ಮಕ್ಕಳು ಕೈ ಹಾಕಿ ಕುಕ್ಕಿಸಿಕೊಳ್ಳುತ್ತಿದ್ದಾರೆ.

ಮೈಸೂರಿನಿಂದ:
'ಕಾವುಗೋಳಿ'. ಮುಗಿಯಿತು. ಸಾಯು-ಸಾವು, ನೋಯು-ನೋವು, ಮೇಯು-ಮೇವು, ಹಾಗೇ ಕಾಯು-ಕಾವು. ಕಾಯು ಅಂದರೆ ಬಿಸಿಯಾಗು. ಇದಕ್ಕಿಂತ ಸರಳವಾದ ಪದ ಬೇರೆ ಬೇಕಾ? ಪೊರುನ್ನ ಗಿರುನ್ನ ಹತ್ತಿರವೂ ತರಬೇಡಿ.

ಬದಿಯಡ್ಕದಿಂದ:
ನಾನು ಕೋಳಿ ಸಾಕಿದವನಲ್ಲ, ತಿಂದವನೂ ಅಲ್ಲ, ಆದರೆ ಪದಕ್ಕೆ ಮಡಿಯಿಲ್ಲ. ಮೈಸೂರಿನವರು ಅವಸರ ಮಾಡಿದ್ದಾರೆ. ನೀರು ಕಾಯುತ್ತದೆ, ನಾವು ನೀರನ್ನು ಕಾಯಿಸುತ್ತೇವೆ. ಕೋಳಿ ಮೊಟ್ಟೆಯನ್ನು 'ಕಾಯಿಸುತ್ತದೆ' ಅಂತ ಯಾರಾದರೂ ಹೇಳಿದ್ದುಂಟಾ? 'ಮೊಟ್ಟೆ ಕಾಯುತ್ತಾ ಕೂತಿದೆ' ಅನ್ನುತ್ತೇವೆ, ದನ ಕಾಯುವ ಹಾಗೆ, ಗದ್ದೆ ಕಾಯುವ ಹಾಗೆ. ತಮಿಳಿನಲ್ಲಿ 'ಅಡೈಕಾತ್ತಲ್', ಅಲ್ಲಿರುವುದು ಕಾಪಾಡುವ 'ಕಾ'. ಕೋಳಿ ಕೂರುವುದು ಕಾವಲಿಗೆ.

ಇನ್ನು ಪೊರುನ್ನ. ಅದನ್ನು ಪರದೇಶಿ ಅಂತ ದೂಡುವವರು ಹಳಗನ್ನಡದ 'ಪೊರ್ದು' ನೆನಪು ಮಾಡಿಕೊಳ್ಳಲಿ. ತಮಿಳಿನ ಪೊರುಂದು, ಮಲಯಾಳದ ಪೊರುನ್ನು, ನಮ್ಮ ಇವತ್ತಿನ ಹೊಂದು, ಎಲ್ಲ ಒಂದೇ ಹೊಟ್ಟೆಯವು ಅಂತ ನನ್ನ ಲೆಕ್ಕ. ಮೊಟ್ಟೆಗೆ ಮೈ ಹೊಂದಿಸಿ ಕೂರುವುದು, ಅಷ್ಟೇ.

ಮೈಸೂರಿನಿಂದ:
ಮಾಷ್ಟ್ರೇ, ಕಾವಲಿನ 'ಕಾ'ದಿಂದ ಬರುವ ಹೆಸರುಪದ ಕಾಪು, ಕಾವಲು. ಕಾವು ಅಲ್ಲ. ಮೊಟ್ಟೆ ಒಡೆಯುವುದು 21 ದಿನದ ಬಿಸಿಯಿಂದ. ಮರಿ ಮಾಡುವ ಯಂತ್ರದಲ್ಲಿ ಸುಮಾರು 37.5 ಡಿಗ್ರಿ ಇಡುತ್ತಾರೆ, ಅದು ಯಾವ ಮೊಟ್ಟೆಗೂ ಕಾವಲು ಕೂರುವುದಿಲ್ಲ. ತಮಿಳು ತಮಿಳಿಗೆ ಇರಲಿ. ಗಡಿಯಲ್ಲಿರುವವರು ಮಲಯಾಳದ ಪ್ರತಿ ಪದಕ್ಕೂ ಹಳಗನ್ನಡದ ಜಾತಕ ಬರೆಸಿ ಒಳಗೆ ಬಿಟ್ಟುಕೊಳ್ಳುವುದು ಹೊಸತೇನಲ್ಲ.

ಕುಂಬಳೆಯಿಂದ:
ಓಹೋ. 1956ರ ನವೆಂಬರ್ 1ಕ್ಕೆ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ್ದು ನಾವಲ್ಲ ಸ್ವಾಮಿ. ಇಲ್ಲಿ ರೇಷನ್ ಅಂಗಡಿಯಿಂದ ಬಸ್ಸಿನ ಬೋರ್ಡಿನವರೆಗೆ ಮಲಯಾಳ ಕಣ್ಣಿಗೆ ಬೀಳುತ್ತದೆ, ಎರಡು ಪದ ಬಾಯಿಗೂ ಬರುತ್ತದೆ. ನಿಮ್ಮಲ್ಲಿ ಯಾವ ಗೆರೆಯೂ ಇಲ್ಲದೆ 'ಫಾರಂ ಕೋಳಿ' ಹೇಗೆ ಬಂತು? ನಾವು ಊರ ಕೋಳಿ ಅನ್ನುತ್ತೇವೆ, ನೀವು ನಾಟಿ ಕೋಳಿ, ಹುಬ್ಬಳ್ಳಿಯವರು ಜವಾರಿ ಕೋಳಿ. ಯಾವುದು ಶುದ್ಧ ಅಂತ ಪಂಚಾಯಿತಿ ಮಾಡುತ್ತೀರಾ? ತುಳುವಿನಲ್ಲಿ ಎಳೆ ಹೆಂಟೆ ಲಾಕಿ ಬೇರೆ, ಬೆಳೆದ ಹೆಂಟೆ ಪೇರಡೆ ಬೇರೆ. ಆ ಸೂಕ್ಷ್ಮ ನಿಮ್ಮ ಕೋಶದಲ್ಲಿ ಹುಡುಕಿ ನೋಡಿ.

ಅಕ್ಕಾ, ಒಂದು ಎಚ್ಚರಿಕೆ. ಬೋರ್ಡಿನಲ್ಲಿ ಬರೀ 'ಕಾವು ಕೋಳಿ' ಬರೆಯಬೇಡಿ. ಮಲಯಾಳದವರಿಗೆ ಕಾವು ಅಂದರೆ ದೈವದ ಬನ. ತೆಯ್ಯಕ್ಕೆ ಹರಕೆ ಬಿಟ್ಟ ಕೋಳಿ ಅಂತ ಓದಿಕೊಂಡಾರು.

ಉಪ್ಪಳದಿಂದ:
'ಬೆದೆಗೆ ಬಂದ ಕೋಳಿ' ಆಗುತ್ತದಾ?

ಬದಿಯಡ್ಕದಿಂದ:
ಆಗುವುದಿಲ್ಲ. ಬೆದೆ ದನಕ್ಕೆ. ಈ ಕೋಳಿಗೆ ಹುಂಜವನ್ನು ಕಂಡರೂ ಆಗುವುದಿಲ್ಲ ಅಂತ ಕೇಳಿದ್ದೇನೆ.

ಮುಳ್ಳೇರಿಯದಿಂದ:
ಅತ್ತೆ ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ. ಅತ್ತೆಗೆ ಕೋಳಿಯ ಜತೆ ಐವತ್ತು ವರ್ಷದ ಜಗಳ. ನಮ್ಮ ಮನೆಯಲ್ಲಿ ಮೊದಲು 'ಕಾವು ಹಿಡಿದಿದೆ', ಮೊಟ್ಟೆ ಇಟ್ಟ ಮೇಲೆ 'ಕಾವಿಗೆ ಕೂತಿದೆ'. ಕೆಂಪಿಯದ್ದು ಕಾವು ಹಿಡಿದದ್ದು. ಆಗ ಮೊಟ್ಟೆ ಇಡುವುದು ನಿಲ್ಲುತ್ತದೆ, ಎದೆಯ ಪುಕ್ಕ ತಾನೇ ಕಿತ್ತು ಬರೀ ಚರ್ಮ ಮೊಟ್ಟೆಗೆ ತಾಗುವ ಹಾಗೆ ಮಾಡಿಕೊಳ್ಳುತ್ತದೆ. ಹಾಗಾಗಿ ಬಿಸಿ ಅನ್ನುವವರೂ ಸರಿ, ಕಾವಲು ಅನ್ನುವವರು ಒಮ್ಮೆ ಹೆಡಿಗೆಗೆ ಕೈ ಹಾಕಿ ನೋಡಿದರೆ ಅವರೂ ಸರಿ, ಅಂತ ಅತ್ತೆ.

ಮೊಟ್ಟೆ ಇಡುವುದಿದ್ದರೆ 11 ಅಥವಾ 13, ಬೆಸವೇ ಆಗಬೇಕು. ಯಾಕೆ ಅಂತ ಕೇಳಿದರೆ ಬೈಗುಳ. ಒಮ್ಮೆ ಬಾತಿನ ಮೊಟ್ಟೆ ಇಟ್ಟಿದ್ದರಂತೆ. ಪಾಪ, 21 ಕಳೆದರೂ ಏಳದೆ 28 ದಿನ ಕೂತಿತು. ಮರಿಗಳು ತೋಡಿಗೆ ಇಳಿದವು ನೋಡಿ, ಆ ತಾಯಿ ದಡದಲ್ಲಿ ಆಚೆಗೂ ಈಚೆಗೂ ಓಡಿ ಊರೆಲ್ಲ ಕೇಳುವ ಹಾಗೆ ಕಿರುಚಿತು. ಮೂರನೇ ದಿನದಿಂದ ದಡದಲ್ಲೇ ಮಣ್ಣು ಕೆದಕುತ್ತಾ ಕಾಯುತ್ತಿತ್ತು. ಇದು ಯಾವ 'ಕಾಯು' ಅಂತ ಮಾಷ್ಟ್ರಿಗೆ ಕೇಳಬೇಕಂತೆ.

ಕರಪತ್ರದಲ್ಲಿ 'ಕಾವು ಬಿಡಿಸುವುದು' ಅನ್ನುವ ಮಾತೂ ಬರುತ್ತದಲ್ವಾ? ಹಿಂದೆ ತಣ್ಣೀರಿಗೆ ಅದ್ದುತ್ತಿದ್ದರು, ಮೂಗಿಗೆ ಪುಕ್ಕ ಚುಚ್ಚುತ್ತಿದ್ದರು. ಅದು ಬೇಡ, ಹಿಂಸೆ. ಅಡಿಯಿಂದ ಗಾಳಿ ಆಡುವ ತಂತಿ ಗೂಡಿನಲ್ಲಿ, ಹುಲ್ಲು ಹಾಕದೆ, ನೀರು ಕಾಳು ಕೊಟ್ಟು ಮೂರು ನಾಲ್ಕು ದಿನ ಇಡಿ. ಹೊಟ್ಟೆ ತಣ್ಣಗಾದರೆ ಹೆಚ್ಚಿನವು ಮರೆಯುತ್ತವೆ. ಹಣ್ಣಡಿಕೆ ಮೊದಲು ತೆಗೆಯಿರಿ.

ಮೈಸೂರಿನಿಂದ:
ಹೊಟ್ಟೆ ತಣ್ಣಗಾದರೆ ಬಿಡುತ್ತದೆ. ಅಂದರೆ ಬಿಸಿಯೇ. ನಾನು ಹೇಳಿದ್ದು ಅದೇ.

ಬದಿಯಡ್ಕದಿಂದ:
ಕೋಳಿ ಬಿಟ್ಟೀತು, ಇವರು ಬಿಡುವುದಿಲ್ಲ. ಲೆಗ್‌ಹಾರ್ನ್ ಸಾಕಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ. ಜಾಸ್ತಿ ಮೊಟ್ಟೆಯ ಆಸೆಗೆ ಆ ತಳಿಯಿಂದ ಕಾವಿನ ಗುಣವನ್ನೇ ತೆಗೆದಿದ್ದಾರಂತೆ. ಭಾಷೆಗೂ ಇವರು ಮಾಡಲು ಹೊರಟದ್ದು ಅದನ್ನೇ.

ಪೆರ್ಲದಿಂದ:
ಅತ್ತೆಯವರಿಗೆ ದೊಡ್ಡ ನಮಸ್ಕಾರ. ಕರಪತ್ರದಲ್ಲಿ 'ಕಾವು ಹಿಡಿದ ಕೋಳಿ', 'ಕಾವಿಗೆ ಕೂತ ಕೋಳಿ', 'ಕಾವು ಬಿಡಿಸುವುದು' ಮೂರನ್ನೂ ಹಾಕಿ ಕಳಿಸಿದೆ. ಒಂದೇ ಪದ ಸಿಗಲಿಲ್ಲ, ಪರವಾಗಿಲ್ಲ. ಬೋರ್ಡಿನಲ್ಲಿ 'ಕೋಳಿ ಕಾವಿಗೆ ಕೂತಿದೆ, ಕೈ ಹಾಕಬೇಡಿ' ಅಂತ ಬರೆದೆ. ಕೆಂಪಿ ತಂತಿ ಗೂಡಿನಲ್ಲಿದ್ದಾಳೆ, ನೀರಿನ ಬಟ್ಟಲಿನ ಮೇಲೆ ಕೂರಲು ನೋಡುತ್ತಿದ್ದಾಳೆ.

ಮೈಸೂರಿನಿಂದ:
'ಕೂತಿದೆ' ಅಲ್ಲ, 'ಕುಳಿತಿದೆ'.

ಪೆರ್ಲದಿಂದ:
ಹಲಗೆಯಲ್ಲಿ ಜಾಗ ಇಲ್ಲ ಸ್ವಾಮಿ.