ಅಪ್‌ಡೇಟ್: ಜರ್ಮನಿಯ ರೊಮ್ಯಾಂಟಿಕ್ ರೋಡ್ ಮುಗಿಸಿ ಬಂದೆವು

ಗೆಳೆಯರೊಂದಿಗೆ ಕಾರಿನಲ್ಲಿ ವುರ್ಟ್ಸ್‌ಬುರ್ಗ್‌ನಿಂದ ಫ್ಯೂಸೆನ್‌ಗೆ ಹೋಗಲು ಆಟೊಬಾನ್ (ಅಲ್ಲಿನ ವೇಗದ ಹೆದ್ದಾರಿ) ಒಳ್ಳೆಯದೋ ರೊಮ್ಯಾಂಟಿಕ್ ರೋಡ್ ಎಂಬ ಹಳ್ಳಿದಾರಿಯೋ ಎಂದು ಕೇಳಿದ್ದೆ. ಹಳ್ಳಿದಾರಿ ಎಂದವರಿಗೆಲ್ಲ ಧನ್ಯವಾದ. ದಾರಿಯಲ್ಲಿ ಸಿಗುವ ರೋಥೆನ್‌ಬುರ್ಗ್ ಊರು ಚೆಂದವೇನೋ ಹೌದು, ಆದರೆ ಜನಜಾತ್ರೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ನೋರ್ಡ್ಲಿಂಗೆನ್. ಸುಮಾರು 1.5 ಕೋಟಿ ವರ್ಷಗಳ ಹಿಂದೆ ಉಲ್ಕೆ ಅಪ್ಪಳಿಸಿ ಆದ ಕುಳಿಯೊಳಗೆ ಈ ಊರಿದೆ. ಸೇಂಟ್ ಜಾರ್ಜ್ ಚರ್ಚನ್ನು ಕಟ್ಟಿದ್ದೂ ಆ ಹೊಡೆತದಲ್ಲಿ ಹುಟ್ಟಿದ ಕಲ್ಲಿನಿಂದಲೇ. ಅದರ 90 ಮೀಟರ್ ಎತ್ತರದ ಗೋಪುರ ಹತ್ತಿದರೆ ಕೆಂಪು ಹೆಂಚಿನ ಮಾಡುಗಳು, ಊರನ್ನು ಬಳಸಿ ನಿಂತ ದುಂಡನೆಯ ಕೋಟೆಗೋಡೆ, ಅದರಾಚೆ ಕುಳಿಯ ಅಂಚಿನ ಗುಡ್ಡಗಳು. (ಮಂಡಿನೋವಿನವರು ಕೆಳಗೇ ಕಾಫಿ ಕುಡಿಯಲಿ.) ಹೊರಡುವವರು ಗಮನಿಸಿ: ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ತಿಂಡಿತೀರ್ಥವನ್ನು ಶನಿವಾರವೇ ಕಟ್ಟಿಕೊಳ್ಳಿ. ಊರಿನ ಹೆಸರಿನ ಹಳದಿ ಫಲಕ ಕಂಡೊಡನೆ ವೇಗವನ್ನು 50ಕ್ಕೆ ಇಳಿಸಿ.