ಆಸ್ಪತ್ರೆ ಅಂದರೆ ಮಗ ಕೈಗೇ ಸಿಗಲ್ಲ, ಮುಂದಿನ ವಾರ ಟಾನ್ಸಿಲ್ ಆಪರೇಷನ್

ತುಂಗೆ ದಡದ ಅಮ್ಮ:
ನಮಸ್ಕಾರ. ನಮ್ಮದು ಶಿವಮೊಗ್ಗ. ಮಗನಿಗೆ 9 ವರ್ಷ, ಆಟಿಸಂ ಇದೆ, ಮಾತು ಕಡಿಮೆ. ಹೋದ ಸಲ ಜ್ವರ ಅಂತ ಒಂದು ಕ್ಯಾಶುಯಾಲ್ಟಿಗೆ ಕರೆದುಕೊಂಡು ಹೋಗಿದ್ದೆವು. ಡ್ರಿಪ್ ಹಾಕೋಕೆ ನಾಲ್ಕು ಜನ ಮಂಚಕ್ಕೆ ಒತ್ತಿ ಹಿಡಿದರು. ಅವನು ಒಬ್ಬರ ಕೈ ಕಚ್ಚಿದ. "ಮಗನ್ನ ಕಂಟ್ರೋಲ್ ಮಾಡೋಕಾಗಲ್ವೇನಮ್ಮಾ" ಅಂತ ನನಗೇ ಬೈದರು. ಈಗ ಬಿಳಿ ಕೋಟು ಕಂಡರೂ ತಲೆ ಚಚ್ಚಿಕೊಳ್ಳುತ್ತಾನೆ. ಈ ಸಲ ಬೇರೆ ಆಸ್ಪತ್ರೆ. ಮೊದಲೇ ಏನು ಹೇಳಿಡಬೇಕು?

ವಾರ್ಡ್ ಸಿಸ್ಟರ್:
ಮಕ್ಕಳ ವಾರ್ಡೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ ಅಕ್ಕಾ. ಮೊದಲೇ ಹೋಗಿ ಅನಸ್ತೇಷಿಯಾ ಡಾಕ್ಟರನ್ನು ನೋಡಿ. ಆವತ್ತಿನ ಆಪರೇಷನ್ ಲಿಸ್ಟಿನಲ್ಲಿ ಅವನದೇ ಮೊದಲ ಕೇಸ್ ಆಗಲಿ ಅಂತ ಕೇಳಿ. ಹಸಿದ ಮಗುವನ್ನು ಮಧ್ಯಾಹ್ನದವರೆಗೆ ಕೂರಿಸಿದರೆ ರಂಪ ಮಾಡದೆ ಇನ್ನೇನು ಮಾಡುತ್ತೆ? ಸೂಜಿ ಚುಚ್ಚುವ ಜಾಗ ಮರಗಟ್ಟಿಸೋ ಕ್ರೀಮ್ ಇದೆ. ಒಂದು ಗಂಟೆ ಮುಂಚೆ ದಪ್ಪಗೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಅಂಟಿಸಬೇಕು. ಅದನ್ನೂ ಕೇಳಿ.

ಒಂದು ಹಾಳೆಯಲ್ಲಿ ಬರೆದುಕೊಡಿ: ಯಾವುದಕ್ಕೆ ಹೆದರುತ್ತಾನೆ, ಏನು ಕೈಲಿದ್ದರೆ ಸುಮ್ಮನಾಗುತ್ತಾನೆ, ನೋವಾದರೆ ಹೇಗೆ ತೋರಿಸುತ್ತಾನೆ. ಕೇಸ್ ಶೀಟಿಗೆ ಪಿನ್ ಮಾಡಿಸಿ. ಡ್ಯೂಟಿ ಬದಲಾದಾಗ ಬರುವವರಿಗೆ ಅದೇ ದಾರಿ.

ರೇಗಾಟ ಶುರುವಾದರೆ ಜನ ಸೇರಿದಷ್ಟೂ ಜಾಸ್ತಿಯಾಗುತ್ತೆ. ಒಬ್ಬರೇ ಮಾತಾಡಬೇಕು, ಮೆಲ್ಲಗೆ. ಉಳಿದವರು ಹೊರಗೆ. ಟ್ಯೂಬ್‌ಲೈಟ್ ಆರಿಸಿ. "ಎಡಗೈನಾ ಬಲಗೈನಾ" ಅಂತ ಅವನನ್ನೇ ಕೇಳಿ, ಬೆರಳು ತೋರಿಸಿದರೂ ಸಾಕು. "ಗಲಾಟೆ ಮಾಡಿದ್ರೆ ಇನ್ನೊಂದು ಸೂಜಿ" ಅಂತ ಹೆದರಿಸೋದು ಮಾತ್ರ ಬೇಡ. ಅನ್ನ ತಿನ್ನಿಸೋಕೂ ನಾವು ಡಾಕ್ಟರ ಹೆಸರೇ ಹೇಳ್ತೀವಿ, ಅಲ್ವಾ?

ಇನ್ನೊಂದು, ಎಲ್ಲವೂ ಹಠ ಅಲ್ಲ. ಕೈಗೆ ಪ್ಲಾಸ್ಟರ್ ಹಾಕಿದ್ದ ಹುಡುಗನೊಬ್ಬ ರಾತ್ರಿ ಕಿರುಚಿ ಕಿರುಚಿ ದಿಂಬು ಎಸೆಯುತ್ತಿದ್ದ. ಪಕ್ಕದ ಬೆಡ್ಡಿನವರೆಲ್ಲ "ಎರಡು ಏಟು ಕೊಡಿ" ಅಂದರು. ಬೆರಳು ಮುಟ್ಟಿದರೆ ಊದಿ ತಣ್ಣಗಾಗಿತ್ತು. ಪ್ಲಾಸ್ಟರ್ ಬಿಗಿ. ಡಾಕ್ಟರು ಕತ್ತರಿಸಿ ಬಿಡಿಸಿದ ಸ್ವಲ್ಪ ಹೊತ್ತಿಗೆ ಮಗು ನಿದ್ದೆ. ಮಾತಾಡದ ಮಕ್ಕಳಲ್ಲಿ ಹಲ್ಲುನೋವು, ಕಿವಿನೋವು, ಮಲಬದ್ಧತೆ, ಕಟ್ಟಿದ ಮೂತ್ರ ಎಲ್ಲ ಹೀಗೇ ಹೊರಬರುತ್ತೆ. ಮೊದಲು ಮೈ ನೋಡಿ, ಆಮೇಲೆ ಬೈಯಿರಿ.

ಓಟಿ ಡಾಕ್ಟರ್:
ಸಿಸ್ಟರ್ ಹೇಳಿದ್ದು ಸರಿ. ಆಪರೇಷನ್ ಮುಗಿದು ಎಚ್ಚರವಾಗುವಾಗ ಕೆಲವು ಮಕ್ಕಳು ಅಮ್ಮನ ಗುರುತೂ ಹಿಡಿಯದೆ ಒದ್ದಾಡುತ್ತಾರೆ. ಪ್ರಜ್ಞೆ ತಪ್ಪಿಸೋಕೆ ಸೆವೋಫ್ಲುರೇನ್ ಅನ್ನೋ ಅನಿಲ ಕೊಟ್ಟಾಗ ಇದು ಹೆಚ್ಚು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತೆ, ಗಾಬರಿ ಬೇಡ. ಎಚ್ಚರವಾಗೋವರೆಗೆ ಮಲಗಿಸೋ ರಿಕವರಿ ಕೋಣೆಯಲ್ಲಿ ನಿಮ್ಮನ್ನು ಪಕ್ಕದಲ್ಲಿ ಬಿಡ್ತಾರಾ ಕೇಳಿ. ಹಿಂದೆ ಫೆನರ್ಗಾನ್ ಅಥವಾ ಮಿಡಜೋಲಾಮ್ ಕೊಟ್ಟಾಗ ನಿದ್ದೆ ಬರುವ ಬದಲು ಕುಣಿದಾಡಿದ್ದರೆ ತಪ್ಪದೆ ಹೇಳಿ. ಕೆಲವರಿಗೆ ಅವು ಉಲ್ಟಾ ಹೊಡೆಯುತ್ತವೆ.

ಹುಬ್ಬಳ್ಳಿ ಅಪ್ಪ:
ನನ್ನ ಮಗಳು 15 ವರ್ಷದವಳಿದ್ದಾಗ ಮಾನಸಿಕ ವಾರ್ಡಿನಲ್ಲಿದ್ದಳು. ರೇಗಾಟ ಇಳಿಸೋ ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಆದ ಮೇಲೆ ಕುತ್ತಿಗೆ ಒಂದೇ ಕಡೆ ತಿರುಗಿ ನಿಂತುಬಿಟ್ಟಿತು. ನಾಟಕ ಅಂದರು. ಅದು ಔಷಧದ್ದೇ ಅಡ್ಡಪರಿಣಾಮ, ಇನ್ನೊಂದು ಇಂಜೆಕ್ಷನ್ನಿಗೆ ಸರಿಹೋಯಿತು. ಅಲ್ಲಿ ಕೈಕಾಲು ಕಟ್ಟೋ ವಿಷಯಕ್ಕೆ ಕಾನೂನಿದೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಶಿಕ್ಷೆಗೆ ಅಂತ ಕಟ್ಟೋ ಹಾಗಿಲ್ಲ, ಸಿಬ್ಬಂದಿ ಕಡಿಮೆ ಅನ್ನೋ ನೆಪಕ್ಕೂ ಇಲ್ಲ. ಒಂಟಿ ಕೋಣೆಗೆ ಹಾಕಿ ಬೀಗ ಜಡಿಯೋದಂತೂ ಪೂರ್ತಿ ನಿಷೇಧ. ಕೇಳೋಕೆ ಹಿಂಜರಿಯಬೇಡಿ.

ತುಂಗೆ ದಡದ ಅಮ್ಮ:
ಇವತ್ತು ಹೋಗಿದ್ದೆ. ಮೊದಲ ಕೇಸ್ ಕೊಡ್ತೀವಿ ಅಂದರು. ಕ್ರೀಮ್ ಅವರ ಹತ್ತಿರ ಇಲ್ಲವಂತೆ. ಮೆಡಿಕಲ್‌ನಲ್ಲಿ ಹಾಗೇ ಕೊಡ್ತಾರಾ ಸಿಸ್ಟರ್?

ವಾರ್ಡ್ ಸಿಸ್ಟರ್:
ಚೀಟಿ ಬರೆಸಿಕೊಳ್ಳಿ. ಎಷ್ಟು ಹಚ್ಚಬೇಕು ಅನ್ನೋದನ್ನೂ ಅದರಲ್ಲೇ ಬರೆಸಿ. ಎರಡೂ ಕೈಗೆ ಹಚ್ಚಬಹುದಾ ಅಂತ ಕೇಳಿ, ಒಂದು ಕೈಲಿ ನರ ಸಿಗದಿದ್ದರೆ ಇನ್ನೊಂದು ಇರುತ್ತೆ.