ಬ್ರೇಕ್ ಹಿಡಿದರೆ ಹ್ಯಾಂಡಲ್ ಬುಡದಲ್ಲಿ ಟಕ್ ಅನ್ನುತ್ತೆ: ಕೋನ್ ಸೆಟ್ ಮನೆಯಲ್ಲೇ ಟೈಟ್ ಮಾಡಬಹುದಾ?

ಮೇಗರವಳ್ಳಿ ಸವಾರ:

ನಮ್ಮದು ಹಳೇ ಸ್ಪ್ಲೆಂಡರ್. ಮೇಗರವಳ್ಳಿಯಿಂದ ಒಳಗೆ ತೋಟದ ಮಣ್ಣು ರಸ್ತೆ, ಮಳೆಗಾಲ ಪೂರ್ತಿ ಕೆಸರಲ್ಲೇ ಓಡಾಟ. ಈಗ ಮುಂದಿನ ಬ್ರೇಕ್ ಹಿಡಿದ ಕೂಡಲೇ ಹ್ಯಾಂಡಲ್ ಬುಡದಲ್ಲಿ ಟಕ್ ಅನ್ನುತ್ತೆ. ಗುಂಡಿಗೆ ಇಳಿದಾಗಲೂ ಅದೇ ಸದ್ದು. ಆಗುಂಬೆ ಘಾಟಿಯ ತಿರುವಿನಲ್ಲಿ ಬ್ರೇಕ್ ಹಿಡಿಯೋಕೆ ಭಯ ಆಗುತ್ತೆ. ಒಬ್ಬ ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು, ಇನ್ನೊಬ್ಬರು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗೋಕೆ ಬುಡದಲ್ಲಿರುವ ಬೇರಿಂಗ್, ಅಂದರು. ಯಾವುದು ಅಂತ ತಿಳಿಯೋದು ಹೇಗೆ? ಸ್ಪ್ಯಾನರ್ ಸೆಟ್ ಇದೆ, ಅಣ್ಣ ಹಿಡಿದುಕೊಳ್ಳೋಕೆ ಬರ್ತಾನೆ. ಟೈಟ್ ಮಾಡಿದರೆ ಸಾಕಾ, ಪೂರ್ತಿ ಬಿಚ್ಚಲೇಬೇಕಾ?

ಸಾಗರದ ಸ್ಪ್ಯಾನರ್:

ಮೊದಲು ಪರೀಕ್ಷೆ ಮಾಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಸೆಂಟರ್ ಸ್ಟ್ಯಾಂಡ್ ಹಾಕಿ. ಇಂಜಿನ್ ಅಡಿಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ನೆಲ ಬಿಡುವ ಹಾಗೆ ಎತ್ತಿ. ಅಣ್ಣ ಹಿಂದಿನಿಂದ ಗಾಡಿ ಗಟ್ಟಿ ಹಿಡಿದಿರಲಿ. ನೀವು ಮುಂದೆ ಕೂತು ಫೋರ್ಕಿನ, ಅಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಕಾಲುಗಳ, ಕೆಳತುದಿ ಎರಡನ್ನೂ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಗ ಬ್ರೇಕ್ ಹಿಡಿಯಬೇಡಿ. ಡ್ರಮ್ ಬ್ರೇಕಿನ ಪ್ಲೇಟಿನಲ್ಲೂ ಸ್ವಲ್ಪ ಆಟ ಇರುತ್ತೆ, ಅದು ದಾರಿ ತಪ್ಪಿಸುತ್ತೆ. ಹ್ಯಾಂಡಲ್ ಕೆಳಗೆ ಚಾಸಿಸ್ ಪೈಪು ಮತ್ತು ಫೋರ್ಕ್ ಹಿಡಿದಿರುವ ಪ್ಲೇಟು ಸೇರುವ ಸಂದಿಗೆ ಅಣ್ಣನ ಬೆರಳು ಇಡಿಸಿ. ಅಲ್ಲಿ ಕದಲಿದರೆ ಕೋನ್ ಸೆಟ್. ಅಲ್ಲಿ ಕದಲದೆ, ಫೋರ್ಕಿನ ಹೊಳೆಯುವ ಪೈಪು ಕೆಳಗಿನ ಕೊಳವೆಯೊಳಗೆ ಆಡಿದರೆ ಶಾಕ್ ಅಬ್ಸಾರ್ಬರ್ ಸವೆದಿದೆ. ಚಕ್ರವನ್ನು ಅಡ್ಡಕ್ಕೆ ಅಲ್ಲಾಡಿಸಿ ವೀಲ್ ಬೇರಿಂಗನ್ನೂ ನೋಡಿಬಿಡಿ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಚಕ್ರ ಮೇಲಿರುವಾಗಲೇ ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ನೇರ ಬಂದಾಗ ಗುಳಿಗೆ ಬಿದ್ದ ಹಾಗೆ ಕಚ್ಚಿಕೊಳ್ಳುತ್ತಾ? ಹಾಗಿದ್ದರೆ ಕೋನ್ ಸೆಟ್ಟಿನ ಕಪ್ಪಿನಲ್ಲಿ, ಅಂದರೆ ಬಾಲ್‌ಗಳು ಓಡುವ ಬಟ್ಟಲಿನಂಥ ಬಳೆಯಲ್ಲಿ, ಬಾಲ್‌ಗಳು ಹೊಂಡ ಮಾಡಿವೆ. ಎಷ್ಟು ಟೈಟ್ ಮಾಡಿದರೂ ಅದು ಸರಿಹೋಗೋದಿಲ್ಲ.

ಗುಳಿ ಇಲ್ಲ, ಬರೀ ಸಡಿಲ ಅಂದರೆ ಮನೆಯಲ್ಲೇ ಧೈರ್ಯವಾಗಿ ಮಾಡಿ. ಹ್ಯಾಂಡಲ್ ಬುಡದ ಮೇಲಿನ ಪ್ಲೇಟಿನ ನಡುವಿರುವ ದೊಡ್ಡ ನಟ್ ಸಡಿಲಿಸಿ. ಫೋರ್ಕ್ ಹಿಡಿದಿರುವ ಕೆಳಗಿನ ಪ್ಲೇಟಿನ ಎರಡು ಬೋಲ್ಟ್‌ಗಳನ್ನೂ ಸ್ವಲ್ಪ ಸಡಿಲಿಸಿ. ಇದನ್ನು ಬಹಳ ಜನ ಬಿಟ್ಟುಬಿಡ್ತಾರೆ. ಬಿಟ್ಟರೆ ಫೋರ್ಕ್ ಪೈಪೇ ಮೇಲಿನ ಕೆಳಗಿನ ಪ್ಲೇಟುಗಳನ್ನು ಹಿಡಿದಿಟ್ಟಿರುತ್ತೆ, ಒಳಗೆ ಬಿಗಿ ಸರಿಯಾಗಿ ಕೂರೋದಿಲ್ಲ. ಆಮೇಲೆ ಮೇಲಿನ ಪ್ಲೇಟಿನ ಅಡಿಯಲ್ಲಿರುವ ಕಚ್ಚುಗಳ ರಿಂಗ್ ನಟ್ ಹುಡುಕಿ. ಅದಕ್ಕೆ ಸಿ ಸ್ಪ್ಯಾನರ್, ಅಂದರೆ ಕಚ್ಚಿಗೆ ಸಿಕ್ಕಿಸುವ ಕೊಕ್ಕೆಯಂಥ ಸ್ಪ್ಯಾನರ್, ಬೇಕು. ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟೇ ತಿರುಗಿಸಿ, ಮತ್ತೆ ಅಲ್ಲಾಡಿಸಿ ನೋಡಿ. ಆಟ ಹೋಗಬೇಕು, ಆದರೆ ಹ್ಯಾಂಡಲನ್ನು ನೇರ ಇಟ್ಟು ಸ್ವಲ್ಪ ತಟ್ಟಿದರೆ ತನ್ನ ಭಾರಕ್ಕೇ ಕೊನೆವರೆಗೂ ವಾಲಬೇಕು. ಕೇಬಲ್, ವೈರ್ ಅಡ್ಡ ಬಂದು ತಡೆಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ನಡುವಿನ ನಟ್ ಟೈಟ್ ಮಾಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಆ ನಟ್ ಕೂರುವಾಗ ಬಿಗಿ ಬದಲಾಗುತ್ತೆ. ಕೊನೆಗೆ ಕೆಳಗಿನ ಬೋಲ್ಟ್‌ಗಳನ್ನು ಮರೆಯದೆ ಟೈಟ್ ಮಾಡಿ.

ಹೊಸನಗರ ಬುಲೆಟ್:

ಸಿ ಸ್ಪ್ಯಾನರ್ ಇಲ್ಲದಿದ್ದರೆ ಉಳಿ ಇಟ್ಟು ಸುತ್ತಿಗೆಯಲ್ಲಿ ತಟ್ಟಿದರೆ ಆಯ್ತು ಮಾರಾಯ್ರೆ, ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡೋದು. ಸ್ವಲ್ಪ ಜಾಸ್ತಿನೇ ಟೈಟ್ ಇರಲಿ, ಬೇಗ ಸಡಿಲ ಆಗೋದಿಲ್ಲ. ನನ್ನ ಬುಲೆಟ್‌ಗೆ ಬಾಲ್ ಬದಲು ಓರೆ ಉರುಳೆಗಳಿರುವ ಟೇಪರ್ ರೋಲರ್ ಬೇರಿಂಗ್ ಹಾಕಿಸಿದ್ದೇನೆ, ತುಂಬಾ ಚೆನ್ನಾಗಿದೆ.

ಸಾಗರದ ಸ್ಪ್ಯಾನರ್:

ಉಳಿ ಬೇಡ ಅಣ್ಣ. ರಿಂಗ್ ನಟ್ಟಿನ ಕಚ್ಚು ಹಾಳಾದರೆ ಮುಂದಿನ ಸಲ ಸಿ ಸ್ಪ್ಯಾನರ್ ಕೂರೋದೇ ಇಲ್ಲ. ಉಳಿಯಲ್ಲಿ ಹೊಡೆದರೆ ಎಷ್ಟು ತಿರುಗಿತು ಅನ್ನೋ ಅಂದಾಜೂ ಕೈಗೆ ಸಿಗೋದಿಲ್ಲ.

ಜಾಸ್ತಿ ಟೈಟ್ ಅನ್ನೋ ಮಾತನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಬೈಕು ನೇರ ಹೋಗೋದೇ ಹ್ಯಾಂಡಲ್ ತಾನಾಗಿ ಸಣ್ಣಗೆ ತಿದ್ದಿಕೊಳ್ಳೋದರಿಂದ. ಬಿಗಿ ಹೆಚ್ಚಾದರೆ ನಿಧಾನವಾಗಿ ಹೋಗುವಾಗ ಗಾಡಿ ಅತ್ತ ಇತ್ತ ತೂರಾಡುತ್ತೆ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ, ಒದ್ದೆ ರಸ್ತೆಯಲ್ಲಿ, ಹಿಂದೆ ಹೆಂಡತಿ ಮಕ್ಕಳು ಕೂತಿರುವಾಗ ಇದು ಸಣ್ಣ ವಿಷಯ ಅಲ್ಲ. ಬಾಲ್‌ಗಳೂ ಬೇಗ ಕಪ್ಪನ್ನು ತಿನ್ನುತ್ತವೆ. ಟೇಪರ್ ಒಳ್ಳೇದೇ, ಒಪ್ಪುತ್ತೇನೆ, ಆದರೆ ಅಳತೆ ಹೊಂದುವ ಸೆಟ್ ಸಿಗಬೇಕು. ಸ್ಪ್ಲೆಂಡರ್‌ಗೆ ಮಾಮೂಲಿ ಬಾಲ್ ಸೆಟ್ಟೇ ಧಾರಾಳ ಸಾಕು.

ಮೇಗರವಳ್ಳಿ ಸವಾರ:

ನೀವು ಹೇಳಿದ ಹಾಗೆ ನೋಡಿದೆ ಸಾರ್. ಸಂದಿಯಲ್ಲೇ ಕದಲುತ್ತಿತ್ತು. ಸಿ ಸ್ಪ್ಯಾನರ್ ತಂದು ಸ್ವಲ್ಪ ಸ್ವಲ್ಪವೇ ತಿರುಗಿಸಿದೆ, ಟಕ್ ಸದ್ದು ನಿಂತಿದೆ. ಆದರೆ ಈಗ ನೇರಕ್ಕೆ ಬಂದಾಗ ಕಚ್ಚಿಕೊಳ್ಳುತ್ತೆ. ಮೊದಲು ಸಡಿಲ ಇದ್ದದ್ದರಿಂದ ಗೊತ್ತಾಗಿರಲಿಲ್ಲ ಅನ್ನಿಸುತ್ತೆ. ಮೇಲಿನ ಸೆಟ್ ಮಾತ್ರ ಬದಲಾಯಿಸಿದರೆ ಆಗುತ್ತಾ?

ಸಾಗರದ ಸ್ಪ್ಯಾನರ್:

ಆಗೋದಿಲ್ಲ. ಸಾಮಾನ್ಯವಾಗಿ ಮೊದಲು ಹೋಗೋದು ಕೆಳಗಿನದೇ. ಭಾರ ಬೀಳೋದೂ ಅಲ್ಲೇ, ಚಕ್ರ ಎರಚುವ ಕೆಸರು ನೀರು ಬಡಿಯೋದೂ ಅಲ್ಲೇ. ಕಪ್, ಕೋನ್, ಬಾಲ್ ಎಲ್ಲಾ ಸೇರಿದ ಪೂರ್ತಿ ಸೆಟ್ ತನ್ನಿ. ತೀರ್ಥಹಳ್ಳಿಯಲ್ಲಿ ಒಳ್ಳೇದು ಸಿಗದಿದ್ದರೆ ಶಿವಮೊಗ್ಗಕ್ಕೆ ಹೋದಾಗ ತನ್ನಿ.

ಬಿಚ್ಚುವಾಗ ಕೆಳಗೆ ಹಳೇ ಪಂಚೆ ಹಾಸಿ, ಬಾಲ್‌ಗಳು ಉದುರುತ್ತವೆ. ಮೇಲೆ ಎಷ್ಟು, ಕೆಳಗೆ ಎಷ್ಟು ಅಂತ ಬೇರೆ ಬೇರೆ ಎಣಿಸಿ ಬರೆದಿಡಿ. ಜೋಡಿಸುವಾಗ ಸ್ವಲ್ಪ ಜಾಗ ಉಳಿದ ಹಾಗೆ ಕಾಣುತ್ತೆ, ಸುಮ್ನೆ ಇನ್ನೊಂದು ಬಾಲ್ ತುರುಕಬೇಡಿ. ಹಳೇ ಕಪ್ಪನ್ನು ಪೈಪಿನ ಒಳಗಿನಿಂದ ಉದ್ದ ಸರಳು ಕೊಟ್ಟು, ಒಂದೊಂದು ಏಟು ಬೇರೆ ಬೇರೆ ಬದಿಗೆ ಹೊಡೆದು ಇಳಿಸಿ. ಹೊಸ ಕಪ್ಪಿನ ಮೇಲೆ ಹಳೇ ಕಪ್ಪನ್ನೇ ಇಟ್ಟು ತಟ್ಟಿ, ಬಾಲ್ ಓಡುವ ಜಾಗಕ್ಕೆ ಸುತ್ತಿಗೆ ತಾಗಬಾರದು. ಕಪ್ ಓರೆಯಾಗಿ ಕೂತರೆ ನಿಮ್ಮ ಕೆಲಸವೆಲ್ಲ ದಂಡ, ಅಲ್ಲಿ ಆತುರ ಬೇಡ. ಗ್ರೀಸ್ ಧಾರಾಳವಾಗಿ ಹಚ್ಚಿ. ಅದೇ ಬಾಲ್‌ಗಳನ್ನು ಜಾಗದಲ್ಲಿ ಹಿಡಿದುಕೊಳ್ಳುತ್ತೆ, ನೀರನ್ನೂ ತಡೆಯುತ್ತೆ.

ವಾಟರ್ ಸರ್ವಿಸ್‌ನಲ್ಲಿ ಹ್ಯಾಂಡಲ್ ಬುಡಕ್ಕೆ ನೇರ ಪ್ರೆಷರ್ ಹಿಡಿಯೋಕೆ ಬಿಡಬೇಡಿ. ಹೊಸ ಕಪ್ಪುಗಳು ಸ್ವಲ್ಪ ದಿನ ಓಡಿಸಿದ ಮೇಲೆ ಇನ್ನೂ ಕೂರುತ್ತವೆ. ಆಗ ಮತ್ತೊಮ್ಮೆ ಚಕ್ರ ಎತ್ತಿ ನೋಡಿ, ಬೇಕಿದ್ದರೆ ಚೂರು ಟೈಟ್ ಮಾಡಿ. ಅಲ್ಲಿವರೆಗೆ ಆಗುಂಬೆ ಘಾಟಿ ಇಳಿಯಬೇಡಿ.